ಬಲ್ಲವರನ್ನೂ ತಡೆದು ನಿಲ್ಲಿಸುವ ಪ್ರಶ್ನೆಗಳು

ಪ್ರಶ್ನೆ ಹಾಕುವುದರಲ್ಲಿಯೂ, ಹಾಕಿದ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೂ ಮನುಷ್ಯನಿಗಿರುವ ಆಸಕ್ತಿ ಇಂದು ನಿನ್ನೆಯದಲ್ಲ. ಜಗಲಿಯ ಮೇಲೆ ಕುಳಿತು ಅಜ್ಜಿಯರು ಮೊಮ್ಮಕ್ಕಳಿಗೆ ಹಾಕುತ್ತಿದ್ದ ಒಗಟುಗಳು, ಅವಧಾನಸಭೆಗಳಲ್ಲಿ ಪೃಚ್ಛಕರು ಅವಧಾನಿಗಳಿಗೆ ಒಡ್ಡುವ ಸಮಸ್ಯೆಗಳು, ಪಾಠಶಾಲೆಯಲ್ಲಿ ಉಪಾಧ್ಯಾಯರು ಕೇಳುವ ಬಾಯಿಲೆಕ್ಕಗಳು, ಇವೆಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಮಹಾಭಾರತದ ಅರಣ್ಯಪರ್ವದಲ್ಲಿ ಯಕ್ಷನ ಮಾತನ್ನು ಲಕ್ಷಿಸದೆ ನೀರಿಗೆ ಕೈಯಿಕ್ಕಿದ ನಾಲ್ವರು ಪಾಂಡವರು ಕೊಳದ ದಡದಲ್ಲಿ ಮೂರ್ಛೆಹೋಗಿ ಬಿದ್ದರು; ಧರ್ಮರಾಯನೊಬ್ಬನು ತಾಳ್ಮೆಯಿಂದ ನಿಂತು ಒಂದೊಂದಕ್ಕೂ ಉತ್ತರ ಹೇಳಿ ತಮ್ಮಂದಿರನ್ನು ಬದುಕಿಸಿಕೊಂಡನು. ಬಿಡಿಸಲಾಗದ ಸಮಸ್ಯೆಗೆ 'ಯಕ್ಷಪ್ರಶ್ನೆ' ಎಂಬ ಹೆಸರು ನಮ್ಮ ಮಾತಿನಲ್ಲಿ ನೆಲೆಯಾಗಿ ನಿಂತುದು ಅಲ್ಲಿಂದಲೇ.

ಈ ಕಾಲದಲ್ಲಿ ಯಕ್ಷನು ಕೊಳದ ದಡವನ್ನು ಬಿಟ್ಟು ಟೆಲಿವಿಷನ್ ಪೆಟ್ಟಿಗೆಯೊಳಗೆ ಬಂದು ಕುಳಿತಿದ್ದಾನೆ. ರಾತ್ರಿಯ ಊಟದ ಹೊತ್ತಿನಲ್ಲಿ ಮನೆಮಂದಿಯೆಲ್ಲ ಸೇರಿ ನೋಡುವ ರಸಪ್ರಶ್ನೆಯ ಕಾರ್ಯಕ್ರಮಗಳಲ್ಲಿ ಸ್ಪರ್ಧಿಯೊಬ್ಬನು ದೀಪಗಳ ನಡುವೆ ಎತ್ತರದ ಕುರ್ಚಿಯ ಮೇಲೆ ಕುಳಿತು ಬೆವರುತ್ತಿರುವಾಗ, ಇತ್ತ ಮನೆಯಲ್ಲಿ ಚಾಪೆಯ ಮೇಲೆ ಕುಳಿತವರು 'ಅಯ್ಯೋ, ಇಷ್ಟೂ ಗೊತ್ತಿಲ್ಲವೆ?' ಎಂದು ನಗುವುದುಂಟು. ಮುಂದಿನ ಪ್ರಶ್ನೆ ಬಂದೊಡನೆ ಆ ನಗು ತಾನಾಗಿಯೇ ನಿಂತುಹೋಗುವುದೂ ಉಂಟು. ಇಷ್ಟು ಓದಿಕೊಂಡವರು ಎಡವುವುದೇಕೆ? ಎಂಥ ಪ್ರಶ್ನೆಯನ್ನು ಕಠಿನವೆನ್ನಬೇಕು? ಇದನ್ನು ವಿಚಾರಮಾಡುವುದು ಬರಿಯ ಕಾಲಹರಣವೆಂದು ನಮಗೆ ತೋರುವುದಿಲ್ಲ. ನಮ್ಮ ಮಕ್ಕಳಿಗೆ ನಾವು ಜ್ಞಾನವೆಂದು ಕಲಿಸುತ್ತಿರುವುದು ಯಾವುದನ್ನು ಎಂಬ ಪ್ರಶ್ನೆಯೂ ಇದರೊಳಗೇ ಅಡಗಿಕೊಂಡಿದೆ.

ಮೊದಲು ಈ ಆಟಗಳ ಪೂರ್ವೋತ್ತರವನ್ನು ಸ್ವಲ್ಪ ಹೇಳಬೇಕು. ಹತ್ತು ಲಕ್ಷ ಪೌಂಡುಗಳ ಬಹುಮಾನವನ್ನು ಮುಂದಿಟ್ಟು, ಒಂದು ಪ್ರಶ್ನೆಗೆ ನಾಲ್ಕು ಉತ್ತರಗಳನ್ನು ತೋರಿಸಿ, ಅವುಗಳಲ್ಲಿ ಸರಿಯಾದುದನ್ನು ಆರಿಸಲು ಹೇಳುವ ಆಟವು 1998ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಪ್ರಾರಂಭವಾಯಿತು. ಅದೇ ಆಟವು 2000ದ ಜುಲೈ 3ರಂದು 'ಕೌನ್ ಬನೇಗಾ ಕರೋಡ್‌ಪತಿ' ಎಂಬ ಹೆಸರಿನಲ್ಲಿ ಹಿಂದಿಗೆ ಬಂದು, ಅಮಿತಾಭ್ ಬಚ್ಚನ್ನರ ಗಂಭೀರ ಕಂಠದಿಂದ ಮನೆಮನೆಯ ಮಾತಾಯಿತು. 2012ರಲ್ಲಿ 'ಕನ್ನಡದ ಕೋಟ್ಯಧಿಪತಿ'ಯಾಗಿ ಅದು ನಮ್ಮ ಭಾಷೆಗೂ ಇಳಿಯಿತು. ಅದನ್ನು ನಡೆಸಿಕೊಟ್ಟ ಪುನೀತ್ ರಾಜ್‌ಕುಮಾರರು 2021ರಲ್ಲಿ ಅಕಾಲದಲ್ಲಿ ತೀರಿಕೊಂಡರಾದರೂ, ಎದುರಿಗೆ ಕುಳಿತ ಹಳ್ಳಿಯ ಸ್ಪರ್ಧಿಯ ಅಂಜಿಕೆಯನ್ನು ತಮ್ಮ ನಗುವಿನಿಂದ ಬಿಡಿಸುತ್ತಿದ್ದ ಅವರ ರೀತಿಯನ್ನು ನಾಡಿನ ಜನ ಮರೆತಿಲ್ಲ. ಇದಕ್ಕೂ ಮೊದಲೇ, 2002ರಿಂದ, ಚಂದನ ವಾಹಿನಿಯಲ್ಲಿ ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರರು ನಡೆಸಿದ 'ಥಟ್ ಅಂತ ಹೇಳಿ' ಎಂಬ ಕಾರ್ಯಕ್ರಮವಿದೆ. ಅಲ್ಲಿ ಸರಿಯುತ್ತರಕ್ಕೆ ದೊರೆಯುವುದು ಹಣವಲ್ಲ, ಕನ್ನಡದ ಪುಸ್ತಕ. ಈ ವ್ಯತ್ಯಾಸವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಕೋರಿಕೆ.

ಹಾಗಾದರೆ ಕಠಿನವಾದ ಪ್ರಶ್ನೆಯೆಂದರೆ ಯಾವುದು? ಯಾರಿಗೂ ತಿಳಿಯದ ವಿಷಯವನ್ನು ಕೇಳುವುದು ಬಹು ಸುಲಭ. ಯಾವುದೋ ಊರಿನ ಯಾವುದೋ ಬೀದಿಯಲ್ಲಿ ಎಷ್ಟು ಮನೆಗಳಿವೆಯೆಂದು ಕೇಳಿದರೆ ಬೃಹಸ್ಪತಿಯೂ ಬಾಯಿಬಿಡುವನು. ಅದರಲ್ಲಿ ರಸವೂ ಇಲ್ಲ, ನ್ಯಾಯವೂ ಇಲ್ಲ. ಪ್ರಶ್ನೆ ಕಟ್ಟುವುದರಲ್ಲಿ ನಿಪುಣರಾದವರು ಹಾಗೆ ಮಾಡುವುದಿಲ್ಲ. ಕೇಳಿದವನು ಉತ್ತರವನ್ನು ಅರಿತಮೇಲೆ 'ಅಯ್ಯೋ, ಇದು ನನಗೆ ಹೊಳೆಯಬೇಕಾಗಿತ್ತಲ್ಲ!' ಎಂದು ಕೈಕೈ ಹಿಸುಕಿಕೊಳ್ಳುವಂತಿರಬೇಕು. ಅದೇ ಒಳ್ಳೆಯ ಕಠಿನಪ್ರಶ್ನೆಯ ಲಕ್ಷಣ. ಇದನ್ನು ಕೆಲವು ನಿಜವಾದ ಉದಾಹರಣೆಗಳಿಂದ ತೋರಿಸುವೆವು.

2000ದ ನವೆಂಬರ್ 20ರಂದು ಇಂಗ್ಲೆಂಡಿನ ಆ ಆಟದಲ್ಲಿ ಮೊತ್ತಮೊದಲು ಹತ್ತು ಲಕ್ಷ ಪೌಂಡು ಗೆದ್ದವರು ಜೂಡಿತ್ ಕೆಪೆಲ್ ಎಂಬ ಮಹಿಳೆ. ಅವರಿಗೆ ಬಂದ ಕಡೆಯ ಪ್ರಶ್ನೆ ಇದು: ಅಕ್ವಿಟೇನಿನ ಎಲೆನರಳನ್ನು ವಿವಾಹವಾಗಿದ್ದ ದೊರೆ ಯಾರು? ಒಂದನೆಯ ಹೆನ್ರಿ, ಎರಡನೆಯ ಹೆನ್ರಿ, ಒಂದನೆಯ ರಿಚರ್ಡ್, ಐದನೆಯ ಹೆನ್ರಿ, ಇವು ನಾಲ್ಕು ಉತ್ತರಗಳು. ಎರಡನೆಯ ಹೆನ್ರಿಯೆಂಬುದು ಸರಿ. ಇಲ್ಲಿ ಪ್ರಶ್ನೆಯ ಕಾಠಿನ್ಯವೆಲ್ಲ ಇರುವುದು ತಪ್ಪು ಉತ್ತರಗಳಲ್ಲಿಯೇ ಹೊರತು ಪ್ರಶ್ನೆಯಲ್ಲಲ್ಲ. ಹೆನ್ರಿಗಳು ಮೂವರು ಸಾಲಾಗಿ ನಿಂತಿದ್ದಾರೆ. ಅವರ ನಡುವೆ ಶೂರನೆಂದು ಲೋಕಪ್ರಸಿದ್ಧನಾದ ರಿಚರ್ಡನೂ ಇದ್ದಾನೆ. ಅವನು ಎಲೆನರಳ ಗಂಡನಲ್ಲ, ಮಗ! ಇಬ್ಬರ ಹೆಸರುಗಳನ್ನೂ ಒಟ್ಟಿಗೆ ಎಲ್ಲಿಯೋ ಓದಿದ್ದ ನೆನಪಿನಿಂದ ಅರ್ಧ ತಿಳಿದವನು ಅಲ್ಲಿಗೇ ಕೈಚಾಚುವನು. ಏನೂ ತಿಳಿಯದವನಿಗೆ ನಾಲ್ಕೂ ಸಮಾನ. ಪೂರ್ತಿ ತಿಳಿದವನಿಗೆ ಒಂದೇ ಸಾಕು. ಬಲೆಗೆ ಬೀಳುವವನು ಅರೆಬರೆ ಬಲ್ಲವನು.

ನಮ್ಮ ದೇಶದ ಮೊದಲನೆಯ ಕೋಟ್ಯಧಿಪತಿಯ ಪ್ರಶ್ನೆಯೂ ಇದೇ ಜಾತಿಯದು. 2000ದಲ್ಲಿ ಒಂದು ಕೋಟಿ ರೂಪಾಯಿ ಗೆದ್ದ ಹರ್ಷವರ್ಧನ ನವಾಥೆಯವರು ಆಗ ಸರ್ಕಾರದ ಉನ್ನತ ಸೇವೆಗಳ ಪರೀಕ್ಷೆಗೆ ಸಿದ್ಧತೆ ಮಾಡಿಕೊಳ್ಳುತ್ತಿದ್ದ ತರುಣರು. ಸಂಸತ್ತಿನ ಕಲಾಪಗಳಲ್ಲಿ ಭಾಗವಹಿಸಲು ಸಂವಿಧಾನವು ಇವರಲ್ಲಿ ಯಾರಿಗೆ ಅವಕಾಶ ಕೊಟ್ಟಿದೆ ಎಂದು ಅವರನ್ನು ಕೇಳಲಾಯಿತು. ಸಾಲಿಸಿಟರ್ ಜನರಲ್, ಅಟಾರ್ನಿ ಜನರಲ್, ಸಂಪುಟ ಕಾರ್ಯದರ್ಶಿ, ಮುಖ್ಯ ನ್ಯಾಯಾಧೀಶರು, ನಾಲ್ಕೂ ಘನವಾದ ಹುದ್ದೆಗಳೇ. ಸಂವಿಧಾನದ 88ನೆಯ ವಿಧಿಯ ಪ್ರಕಾರ ಅಟಾರ್ನಿ ಜನರಲ್ಲರು ಉಭಯ ಸದನಗಳಲ್ಲಿಯೂ ಮಾತನಾಡಬಹುದು, ಮತ ಹಾಕುವಂತಿಲ್ಲ. ಆ ವಿಧಿಯನ್ನು ಪರೀಕ್ಷೆಗಾಗಿ ಓದಿದವರು ಸಾವಿರಾರು ಮಂದಿ ಇದ್ದಾರು. ಆದರೆ ಸಾಲಿಸಿಟರನಿಗೂ ಅಟಾರ್ನಿಗೂ ಇರುವ ಭೇದವು ಕೋಟಿ ರೂಪಾಯಿಯ ಎದುರಿನಲ್ಲಿ ಮಸಕಾಗದೆ ನಿಲ್ಲುವುದೇ ಕಷ್ಟ.

2011ರಲ್ಲಿ ಅದೇ ಆಟದಲ್ಲಿ ಐದು ಕೋಟಿ ಗೆದ್ದವರು ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್. ಗ್ರಾಮೀಣ ಉದ್ಯೋಗ ಯೋಜನೆಯ ಕಚೇರಿಯಲ್ಲಿ ಅಲ್ಪ ಸಂಬಳಕ್ಕೆ ಕಂಪ್ಯೂಟರಿನ ಕೆಲಸ ಮಾಡುತ್ತಿದ್ದವರು. 1868ರ ಅಕ್ಟೋಬರ್ 18ರಂದು ನಿಕೋಬಾರ್ ದ್ವೀಪಗಳ ಹಕ್ಕನ್ನು ಇಂಗ್ಲಿಷರಿಗೆ ಮಾರಿ, ಭಾರತದಲ್ಲಿದ್ದ ತನ್ನ ಸಂಬಂಧವನ್ನು ಮುಗಿಸಿಕೊಂಡ ವಸಾಹತುಶಕ್ತಿ ಯಾವುದು? ಬೆಲ್ಜಿಯಂ, ಇಟಲಿ, ಡೆನ್ಮಾರ್ಕ್, ಫ್ರಾನ್ಸ್. ಪೋರ್ಚುಗೀಸರನ್ನೂ ಡಚ್ಚರನ್ನೂ ಫ್ರೆಂಚರನ್ನೂ ಇಂಗ್ಲಿಷರನ್ನೂ ಶಾಲೆಯ ಪುಸ್ತಕಗಳು ವಿವರಿಸುತ್ತವೆ. ಡೇನರಿಗೆ ಸಿಕ್ಕುವುದು ಹೆಚ್ಚೆಂದರೆ ಒಂದು ಸಾಲು. ಆದರೂ ಈ ಪ್ರಶ್ನೆಯನ್ನು ಕೇವಲ ನೆನಪಿನಿಂದಲ್ಲದೆ ವಿಚಾರದಿಂದಲೂ ಬಿಡಿಸಬಹುದೆಂಬುದನ್ನು ನೋಡಿರಿ. ಪುದುಚೇರಿಯು ಭಾರತದ ಕೈಗೆ ಬಂದುದು 1954ರಲ್ಲಿ. ಆದಕಾರಣ ಫ್ರಾನ್ಸು 1868ರಲ್ಲಿ ಸಂಬಂಧ ಕಡಿದುಕೊಂಡಿರಲಾರದು. ಇಟಲಿಯು ಒಂದು ರಾಜ್ಯವಾಗಿ ಕೂಡಿದುದು 1861ರಲ್ಲಿ. ಬೆಲ್ಜಿಯಂ ಸ್ವತಂತ್ರವಾದುದು 1830ರಲ್ಲಿ. ಇವೆರಡಕ್ಕೂ ಇಲ್ಲಿ ವಸಾಹತು ಇದ್ದ ಸುದ್ದಿಯನ್ನು ನಾವು ಕೇಳಿಲ್ಲ. ಇನ್ನುಳಿದುದು ಡೆನ್ಮಾರ್ಕ್. ತಮಿಳುನಾಡಿನ ತರಂಗಂಬಾಡಿಯಲ್ಲಿ ಸಮುದ್ರಕ್ಕೆದುರಾಗಿ ನಿಂತಿರುವ ಡೇನರ ಕೋಟೆಯನ್ನು ಪ್ರವಾಸದಲ್ಲಿ ಕಂಡವರಿಗೆ ಈ ಊಹೆಯು ಇನ್ನಷ್ಟು ಬಲವಾದೀತು. ಆ ಊರನ್ನೂ ಬಂಗಾಳದ ಶ್ರೀರಾಮಪುರವನ್ನೂ ಅವರು 1845ರಲ್ಲಿಯೇ ಇಂಗ್ಲಿಷರಿಗೆ ಮಾರಿದ್ದರು.

ಇನ್ನು ಎರಡನೆಯ ಜಾತಿಯ ಪ್ರಶ್ನೆಗಳಿವೆ. ಇವು ಸ್ಪರ್ಧಿಯ ಅಜ್ಞಾನವನ್ನಲ್ಲ, ಅವನ ಅವಸರವನ್ನು ಹಿಡಿಯುತ್ತವೆ. ವಾಚಕರು ಒಂದು ಪ್ರಶ್ನೆಯನ್ನು ಮನೆಯಲ್ಲಿ ಯಾರನ್ನಾದರೂ ಕೇಳಿ ನೋಡಲಿ: 'ಶ್ರೀಕೃಷ್ಣನು ಲಂಕೆಗೆ ಹೋಗಲು ಸಮುದ್ರದ ಮೇಲೆ ಸೇತುವೆ ಕಟ್ಟಿಸಿದಾಗ, ಆ ಕೆಲಸದ ಮುಖಂಡನಾಗಿದ್ದ ಕಪಿವೀರನಾರು?' ನಳನೆಂದು ಥಟ್ಟನೆ ಉತ್ತರ ಬರುವುದು. ಸೇತುವೆ ಕಟ್ಟಿಸಿದವನು ಶ್ರೀರಾಮನಲ್ಲವೆ ಎಂದು ತಡೆದು ಕೇಳುವವರು ವಿರಳ. ಅಮೆರಿಕದ ಮನಶ್ಶಾಸ್ತ್ರಜ್ಞರಿಬ್ಬರು 1981ರಲ್ಲಿ ಇಂಥದೇ ಪರೀಕ್ಷೆ ಮಾಡಿದರು. ಮೋಸೆಸನು ತನ್ನ ನಾವೆಯಲ್ಲಿ ಪ್ರತಿಯೊಂದು ಜಾತಿಯ ಪ್ರಾಣಿಗಳನ್ನು ಎಷ್ಟೆಷ್ಟು ತೆಗೆದುಕೊಂಡು ಹೋದನೆಂದು ಕೇಳಿದಾಗ, ಬೈಬಲಿನ ಕಥೆಯನ್ನು ಚೆನ್ನಾಗಿ ಬಲ್ಲವರೇ ಎರಡೆರಡು ಎಂದುಬಿಟ್ಟರು. ನಾವೆಯು ನೋಹನದು, ಮೋಸೆಸನದಲ್ಲ. ಮನಸ್ಸು ಪ್ರಶ್ನೆಯ ಪ್ರತಿಯೊಂದು ಪದವನ್ನೂ ತೂಗಿ ನೋಡುವುದಿಲ್ಲ. ಒಟ್ಟಿನ ಅರ್ಥಕ್ಕೆ ಹೊಂದುವ ಹೆಸರು ಬಂದರೆ ಸಾಕೆಂದು ಸಾಗಿಬಿಡುತ್ತದೆ. ಸಂತೆಯಲ್ಲಿ ಪರಿಚಿತ ಅಂಗಡಿಯವನೆಂದು ತೂಕವನ್ನು ನೋಡದೆ ಹಣ ಕೊಟ್ಟು ಬರುವಂತೆ.

ಮೂರನೆಯದು, ತಿಳಿದಿದ್ದೂ ಬಾಯಿಗೆ ಬಾರದಿರುವುದು. 'ನಾಲಿಗೆಯ ತುದಿಯಲ್ಲಿಯೇ ಇದೆ, ಬರಲೊಲ್ಲದು' ಎನ್ನುವುದು ನಮ್ಮಲ್ಲಿ ಎಲ್ಲರ ಅನುಭವ. 1966ರಲ್ಲಿ ರೋಜರ್ ಬ್ರೌನ್ ಮತ್ತು ಡೇವಿಡ್ ಮ್ಯಾಕ್‌ನೀಲ್ ಎಂಬ ವಿದ್ವಾಂಸರು ಇದನ್ನು ಪರೀಕ್ಷಿಸಿದರು. ಬಳಕೆಯಲ್ಲಿ ಅಪರೂಪವಾದ ಪದಗಳ ಅರ್ಥವನ್ನು ಓದಿ ಹೇಳಿ, ಪದವನ್ನು ಹೇಳಿರೆಂದು ಕೇಳಿದರು. ಪದವು ಸ್ಮರಣೆಗೆ ಬಾರದೆ ಪೇಚಾಡುತ್ತಿದ್ದವರು ಕೂಡ ಅದರ ಮೊದಲನೆಯ ಅಕ್ಷರವನ್ನೂ ಅದರಲ್ಲಿ ಎಷ್ಟು ಉಚ್ಚಾರಖಂಡಗಳಿವೆಯೆಂಬುದನ್ನೂ ಅನೇಕ ವೇಳೆ ಸರಿಯಾಗಿ ಊಹಿಸಿದರು. ಎಂದರೆ ವಸ್ತು ಮನೆಯೊಳಗೇ ಇದೆ. ಕೀಲಿಕೈ ಮಾತ್ರ ಸಿಕ್ಕುತ್ತಿಲ್ಲ. ದೀಪ, ಸದ್ದು, ಎದುರಿನ ಜನ, ಓಡುವ ಗಡಿಯಾರ, ಇವೆಲ್ಲವೂ ಸೇರಿ ಆ ಕೀಲಿಕೈಯನ್ನು ಮತ್ತಷ್ಟು ದೂರ ಮಾಡುತ್ತವೆ. ಮನೆಯಲ್ಲಿ ಚಾಪೆಯ ಮೇಲೆ ಕುಳಿತವನಿಗೆ ಉತ್ತರ ಹೊಳೆಯುವುದೂ ಕುರ್ಚಿಯ ಮೇಲಿದ್ದವನಿಗೆ ಹೊಳೆಯದಿರುವುದೂ ಬಹುಮಟ್ಟಿಗೆ ಇದರಿಂದಲೇ. ಆದುದರಿಂದ ಅವನನ್ನು ನೋಡಿ ನಗುವ ಮುನ್ನ ಸ್ವಲ್ಪ ತಡೆಯುವುದು ಲೇಸು.

ನಾಲ್ಕನೆಯ ಜಾತಿಯೊಂದಿದೆ, ಅದು ಎಲ್ಲವನ್ನೂ ಬಲ್ಲವನು ಕೂಡ ತನ್ನ ಬಾಳಿನಲ್ಲಿ ಕಂಡಿರದ ಮೂಲೆಯಿಂದ ಬರುತ್ತದೆ. ಅಮೆರಿಕದ 'ಜೆಪರ್ಡಿ' ಎಂಬ ಆಟದಲ್ಲಿ ಕೆನ್ ಜೆನ್ನಿಂಗ್ಸ್ ಎಂಬವರು 2004ರಲ್ಲಿ ಒಂದರ ಮೇಲೊಂದರಂತೆ 74 ಆಟಗಳನ್ನು ಗೆದ್ದು, 25 ಲಕ್ಷ ಡಾಲರುಗಳಿಗೂ ಹೆಚ್ಚು ಗಳಿಸಿದರು. ಅವರ ದಿಗ್ವಿಜಯವನ್ನು ನಿಲ್ಲಿಸಿದ ಪ್ರಶ್ನೆಯಲ್ಲಿ ಚಕ್ರವರ್ತಿಗಳೂ ಇರಲಿಲ್ಲ, ನಕ್ಷತ್ರಗಳೂ ಇರಲಿಲ್ಲ. ಒಂದು ಸಂಸ್ಥೆಯಲ್ಲಿ ಹಂಗಾಮಿನ ಕಚೇರಿ ನೌಕರರು 70,000 ಮಂದಿ. ಅವರಲ್ಲಿ ಹೆಚ್ಚಿನವರು ವರ್ಷಕ್ಕೆ ನಾಲ್ಕೇ ತಿಂಗಳು ಕೆಲಸ ಮಾಡುವರು. ಆ ಸಂಸ್ಥೆ ಯಾವುದು? ಹಬ್ಬದ ಕಾಲದ ಉಡುಗೊರೆಗಳನ್ನು ನೆನೆದರೆ ಸರಕು ಸಾಗಿಸುವವರ ಕಡೆಗೆ ಮನಸ್ಸು ಓಡುವುದು ಸಹಜ. ಜೆನ್ನಿಂಗ್ಸ್ ಹೇಳಿದುದೂ ಫೆಡ್‌ಎಕ್ಸ್ ಎಂಬ ಸಾಗಣೆಯ ಸಂಸ್ಥೆಯ ಹೆಸರನ್ನೇ. ಸರಿಯಾದ ಉತ್ತರ ಹೆಚ್ ಅಂಡ್ ಆರ್ ಬ್ಲಾಕ್. ಜನರ ಆದಾಯ ತೆರಿಗೆಯ ಲೆಕ್ಕಪತ್ರಗಳನ್ನು ಸಿದ್ಧಮಾಡಿಕೊಡುವ ಸಂಸ್ಥೆ ಅದು. ಅಮೆರಿಕದಲ್ಲಿ ತೆರಿಗೆಯ ಲೆಕ್ಕ ಒಪ್ಪಿಸುವ ಗಡುವು ಏಪ್ರಿಲಿನಲ್ಲಿ. ಜನವರಿಯಿಂದ ಎಣಿಸಿದರೆ ನಾಲ್ಕು ತಿಂಗಳು. 'ಕಚೇರಿ ನೌಕರರು' ಎಂಬ ಒಂದು ಮಾತಿನ ಮೇಲೆ ಕ್ಷಣಕಾಲ ನಿಂತಿದ್ದರೆ ಹಾದಿ ತೋರುತ್ತಿತ್ತು.

ಮನುಷ್ಯನ ಮಾತು ಹಾಗಿರಲಿ, ಯಂತ್ರವೂ ಎಡವಿತು. 2011ರ ಫೆಬ್ರವರಿಯಲ್ಲಿ ಐಬಿಎಂ ಸಂಸ್ಥೆಯು ವಾಟ್ಸನ್ ಎಂಬ ತನ್ನ ಗಣಕಯಂತ್ರವನ್ನು ಅದೇ ಆಟದಲ್ಲಿ ಜೆನ್ನಿಂಗ್ಸ್ ಮತ್ತು ಬ್ರಾಡ್ ರಟರ್ ಎಂಬ ಇಬ್ಬರು ಮಹಾಸ್ಪರ್ಧಿಗಳ ಎದುರಿಗೆ ನಿಲ್ಲಿಸಿತು. ಅಮೆರಿಕದ ಯಾವ ನಗರದ ಅತಿ ದೊಡ್ಡ ವಿಮಾನನಿಲ್ದಾಣಕ್ಕೆ ಎರಡನೆಯ ಮಹಾಯುದ್ಧದ ವೀರನೊಬ್ಬನ ಹೆಸರೂ, ಎರಡನೆಯದಕ್ಕೆ ಆ ಯುದ್ಧದ ಒಂದು ಕದನದ ಹೆಸರೂ ಇವೆ? ಷಿಕಾಗೊ ಎಂದು ಇಬ್ಬರು ಮನುಷ್ಯರೂ ಬರೆದರು. ಅಲ್ಲಿರುವುದು ಓಹೇರ್ ಮತ್ತು ಮಿಡ್‌ವೇ. ಯಂತ್ರವು ಟೊರಾಂಟೊ ಎಂದಿತು. ಅದಿರುವುದು ಕೆನಡಾ ದೇಶದಲ್ಲಿ. ಸಭೆ ನಕ್ಕಿತು. ಆದರೆ ಮೆಚ್ಚತಕ್ಕ ಮಾತೊಂದು ಇದರಲ್ಲಿದೆ. ಯಂತ್ರವು ತನ್ನ ಉತ್ತರದ ಮುಂದೆ ಐದು ಪ್ರಶ್ನಾರ್ಥಕ ಚಿಹ್ನೆಗಳನ್ನು ಹಾಕಿ, ಕೈಯಲ್ಲಿದ್ದ ಸಾವಿರಾರು ಡಾಲರುಗಳಲ್ಲಿ ಬರಿಯ 947 ಡಾಲರುಗಳನ್ನು ಮಾತ್ರ ಪಣವಾಗಿಟ್ಟಿತ್ತು. ತನಗೆ ಚೆನ್ನಾಗಿ ತಿಳಿದಿಲ್ಲವೆಂಬುದು ಅದಕ್ಕೆ ತಿಳಿದಿತ್ತು. ಆದುದರಿಂದ ನಷ್ಟವು ಅಲ್ಪವಾಯಿತು. ಕಡೆಯಲ್ಲಿ ಗೆದ್ದುದೂ ಅದೇ.

ತನ್ನ ಅರಿವಿನ ಎಲ್ಲೆಯನ್ನು ಅರಿಯುವ ಈ ಗುಣವು ನಮ್ಮ ಕೋಟ್ಯಧಿಪತಿಯ ಆಟದಲ್ಲಿ ಎಷ್ಟು ಬೆಲೆಬಾಳುವುದೆಂಬುದನ್ನು ಲೆಕ್ಕಹಾಕಿ ತೋರಿಸಬಹುದು. ಆಟದ ಮೊದಲಿನ ನಿಯಮದಂತೆ ಹದಿನಾಲ್ಕು ಪ್ರಶ್ನೆ ಗೆದ್ದವನ ಕೈಯಲ್ಲಿ 50 ಲಕ್ಷವಿರುತ್ತಿತ್ತು. ಹದಿನೈದನೆಯದನ್ನು ಗೆದ್ದರೆ ಒಂದು ಕೋಟಿ. ತಪ್ಪಿದರೆ 3 ಲಕ್ಷ 20 ಸಾವಿರಕ್ಕೆ ಇಳಿಯಬೇಕು. ಉತ್ತರ ಹೇಳದೆ ಎದ್ದರೆ 50 ಲಕ್ಷ ಅವನದೇ. ಏನೂ ತಿಳಿಯದೆ ನಾಲ್ಕರಲ್ಲಿ ಒಂದಕ್ಕೆ ಕಣ್ಣುಮುಚ್ಚಿ ಕೈಹಾಕಿದರೆ, ನಾಲ್ಕು ಸಲ ಆಡಿದವನು ಸರಾಸರಿ ಒಂದು ಸಲ ಗೆದ್ದು ಮೂರು ಸಲ ಸೋಲುವನು. ಸಲಕ್ಕೆ ಬೀಳುವ ಸರಾಸರಿ 27 ಲಕ್ಷ 40 ಸಾವಿರ. ಕೈಯಲ್ಲಿದ್ದುದರ ಸುಮಾರು ಅರ್ಧ! ಎರಡು ಉತ್ತರಗಳು ತಪ್ಪೆಂದು ಖಚಿತವಾಗಿ, ಉಳಿದೆರಡರಲ್ಲಿ ಒಂದನ್ನು ಆರಿಸಿದರೆ ಸರಾಸರಿ 51 ಲಕ್ಷ 60 ಸಾವಿರ. ಕಾಗದದ ಮೇಲೆ ಲಾಭ ಕಂಡಿತು. ಆದರೆ ಸರಾಸರಿಯೆಂಬುದು ನೂರು ಸಲ ಆಡುವವನಿಗೆ. ಗೃಹಸ್ಥನು ಆಡುವುದು ಒಂದೇ ಸಲ. ಮಗಳ ಮದುವೆ, ತಲೆಯ ಮೇಲಿನ ಸಾಲ, ಸೋರುವ ಮನೆ, ಇವುಗಳಿಗೆ ಸರಾಸರಿಯಿಂದ ಹಣ ಕೊಡಲಾಗದು. 50 ಲಕ್ಷದಲ್ಲಿ ಎದ್ದುಬಂದವನನ್ನು ಅಂಜುಬುರುಕನೆನ್ನುವುದು ಅನ್ಯಾಯ.

ಸಭಿಕರ ಅಭಿಪ್ರಾಯ ಕೇಳುವ ಸಹಾಯವೂ ವಿಚಾರಮಾಡತಕ್ಕದ್ದೇ. ಜೇಮ್ಸ್ ಸುರೋವೀಕಿಯವರು 2004ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಕೊಟ್ಟಿರುವಂತೆ, ಅಮೆರಿಕದ ಆಟದಲ್ಲಿ ದೂರವಾಣಿಯ ಮೂಲಕ ಕೇಳಲಾದ ಬುದ್ಧಿವಂತ ಸ್ನೇಹಿತರು 100ಕ್ಕೆ ಸುಮಾರು 65 ಸಲ ಸರಿಯುತ್ತರ ಕೊಟ್ಟರೆ, ಸಭೆಯಲ್ಲಿ ಸುಮ್ಮನೆ ಬಂದು ಕುಳಿತ ಸಾಮಾನ್ಯಜನರು 91 ಸಲ ಸರಿ ಹೇಳಿದರು. ಇದರ ಮರ್ಮ ಸರಳವಾಗಿದೆ. ನೂರು ಜನರಲ್ಲಿ ಇಪ್ಪತ್ತು ಮಂದಿಗೆ ಮಾತ್ರ ಉತ್ತರ ತಿಳಿದಿದೆಯೆನ್ನೋಣ. ತಿಳಿಯದ ಎಂಬತ್ತು ಮಂದಿ ನಾಲ್ಕು ಉತ್ತರಗಳಿಗೂ ಇಪ್ಪತ್ತಿಪ್ಪತ್ತರಂತೆ ಹಂಚಿಹೋದರೆ, ಸರಿಯುತ್ತರಕ್ಕೆ ನಲವತ್ತು ಮತಗಳು, ಉಳಿದವಕ್ಕೆ ಇಪ್ಪತ್ತಿಪ್ಪತ್ತು. ಅಜ್ಞಾನವು ಚದರಿಹೋಗುತ್ತದೆ, ಜ್ಞಾನವು ಒಂದೆಡೆ ಕೂಡುತ್ತದೆ. ಆದರೆ ಪ್ರಶ್ನೆಯಲ್ಲಿ ಬಲೆಯಿದ್ದರೆ ಈ ಲೆಕ್ಕ ಕೆಡುವುದು. ಆಗ ತಿಳಿಯದವರೆಲ್ಲರೂ ಒಂದೇ ತಪ್ಪಿನ ಕಡೆಗೆ ನುಗ್ಗುವರು. ಬಹುಮತವೇ ಸ್ಪರ್ಧಿಯನ್ನು ಹಳ್ಳಕ್ಕೆ ತಳ್ಳುವುದು.

ಇಷ್ಟು ಹೊತ್ತು ನಾವು ಹೇಳಿದುದೆಲ್ಲವೂ ಆಟವು ಪ್ರಾಮಾಣಿಕವಾಗಿದ್ದರೆ ಮಾತ್ರ. ಹಾಗಿಲ್ಲದೆ ಹೋದುದೂ ಉಂಟು. ಅಮೆರಿಕದಲ್ಲಿ 1956ರಲ್ಲಿ 'ಟ್ವೆಂಟಿ-ಒನ್' ಎಂಬ ಆಟವು ಕೋಟ್ಯಂತರ ಜನರನ್ನು ಸೆಳೆದಿತ್ತು. ವಾರವಾರವೂ ಗೆಲ್ಲುತ್ತಿದ್ದ ಹರ್ಬರ್ಟ್ ಸ್ಟೆಂಪೆಲ್ಲರಿಗೆ ಆ ವರ್ಷದ ಡಿಸೆಂಬರ್ 5ರಂದು ಒಂದು ಸುಲಭವಾದ ಪ್ರಶ್ನೆ ಬಂದಿತು. 1955ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಬಹುಮಾನ ಪಡೆದುದು ಯಾವುದು? ಉತ್ತರ 'ಮಾರ್ಟಿ'. ಅದು ಅವರ ಮೆಚ್ಚಿನ ಚಿತ್ರ. ಆದರೂ ಅವರು ತಪ್ಪು ಹೆಸರು ಹೇಳಿದರು. ಏಕೆಂದರೆ ಹಾಗೆ ಹೇಳಬೇಕೆಂದು ಆಟದ ನಿರ್ಮಾಪಕರೇ ಅವರಿಗೆ ಮೊದಲೇ ಕಟ್ಟು ಮಾಡಿದ್ದರು. ಚೆಲುವನೂ ಮನೆತನಸ್ಥನೂ ಆದ ಚಾರ್ಲ್ಸ್ ವಾನ್ ಡೋರೆನ್ ಎಂಬ ಕಾಲೇಜಿನ ಅಧ್ಯಾಪಕರು ಗೆದ್ದರೆ ನೋಡುವವರು ಹೆಚ್ಚುವರೆಂದು ಅವರ ಎಣಿಕೆ. ವಾನ್ ಡೋರೆನ್ನರಿಗೆ ಉತ್ತರಗಳನ್ನು ಮುಂಚಿತವಾಗಿ ತಿಳಿಸಲಾಗುತ್ತಿತ್ತು. 1959ರ ನವೆಂಬರ್ 2ರಂದು ಅವರು ಸಂಸತ್ತಿನ ಉಪಸಮಿತಿಯ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡರು. ಇಂಥ ಮೋಸವನ್ನು ಅಪರಾಧವೆಂದು ಸಾರುವ ಶಾಸನವು 1960ರಲ್ಲಿ ಬಂದಿತು. ನಟನೆಯ ಬೆವರನ್ನು ನಿಜದ ಬೆವರೆಂದು ನಂಬಿ, ಅವರೊಡನೆ ಮರುಗಿ, ಅವರೊಡನೆ ಹಿಗ್ಗಿದ ಕುಟುಂಬಗಳಿಗೆ ಆದ ನೋವನ್ನು ಯಾವ ಶಾಸನವೂ ತುಂಬಿಕೊಡಲಾರದು.

ಇಂಗ್ಲೆಂಡಿನಲ್ಲಿ 2001ರ ಸೆಪ್ಟೆಂಬರಿನಲ್ಲಿ ಇದಕ್ಕೆ ವಿಪರೀತವಾದುದು ನಡೆಯಿತು. ಮೋಸ ಆಟಗಾರರ ಕಡೆಯಿಂದ. ಒಂದರ ಮುಂದೆ ನೂರು ಸೊನ್ನೆಗಳಿರುವ ಸಂಖ್ಯೆಗೆ ಏನು ಹೆಸರು ಎಂಬುದು ಹತ್ತು ಲಕ್ಷ ಪೌಂಡಿನ ಪ್ರಶ್ನೆ. ಸೇನೆಯ ಅಧಿಕಾರಿಯಾಗಿದ್ದ ಸ್ಪರ್ಧಿಯು ಮೊದಲು ಬೇರೊಂದರ ಕಡೆಗೆ ಒಲಿದು, ಆಮೇಲೆ 'ಗೂಗಾಲ್' ಎಂಬ ಸರಿಯುತ್ತರಕ್ಕೆ ಬಂದರು. ಸರಿಯಾದ ಪದ ಬಂದಾಗಲೆಲ್ಲ ಸಭೆಯಲ್ಲಿ ಒಬ್ಬರು ಕೆಮ್ಮಿ ಸನ್ನೆ ಮಾಡುತ್ತಿದ್ದರೆಂದು ಮೊಕದ್ದಮೆ ನಡೆದು, 2003ರಲ್ಲಿ ನ್ಯಾಯಾಲಯವು ಆ ಅಧಿಕಾರಿ, ಅವರ ಪತ್ನಿ ಮತ್ತು ಕೆಮ್ಮಿದವರು ಮೂವರನ್ನೂ ಅಪರಾಧಿಗಳೆಂದಿತು. ಆ ಹಣವು ಅವರ ಕೈಸೇರಲಿಲ್ಲ. ಅಂದಹಾಗೆ, ಅಷ್ಟು ರಾದ್ಧಾಂತಕ್ಕೆ ಕಾರಣವಾದ ಆ ಪದವನ್ನು ಕಲ್ಪಿಸಿದವನು ಎಡ್ವರ್ಡ್ ಕಾಸ್ನರ್ ಎಂಬ ಗಣಿತಜ್ಞನ ಸೋದರಿಯ ಮಗ, ಒಂಬತ್ತು ವರ್ಷದ ಬಾಲಕ.

ಗೆದ್ದವರ ಮುಂದಿನ ಬಾಳೂ ಎಲ್ಲ ಕಾಲಕ್ಕೂ ಹೂವಿನ ಹಾಸಿಗೆಯಲ್ಲ. ಐದು ಕೋಟಿ ಗೆದ್ದ ಸುಶೀಲ್ ಕುಮಾರರು 2020ರಲ್ಲಿ ತಮ್ಮ ಕಥೆಯನ್ನು ತಾವೇ ಬರೆದು ಪ್ರಕಟಿಸಿದರು. ಆ ಗೆಲುವಿನ ನಂತರದ ವರ್ಷಗಳೇ ತಮ್ಮ ಬಾಳಿನ ಅತ್ಯಂತ ಕೆಟ್ಟ ಕಾಲವೆಂದೂ, ನಂಬಿದವರಿಂದ ಮೋಸಹೋದುದು, ದುಶ್ಚಟಕ್ಕೆ ಬಿದ್ದುದು, ಸಂಸಾರದಲ್ಲಿ ಮನಸ್ತಾಪ ಬಂದುದು, ಎಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಆಮೇಲೆ ಅವರು ದಾರಿಗೆ ಬಂದು, ತಮ್ಮ ಜಿಲ್ಲೆಯಲ್ಲಿ ಸಂಪಿಗೆಯ ಸಸಿಗಳನ್ನು ನೆಡಿಸುವುದರಲ್ಲಿಯೂ ಮಕ್ಕಳಿಗೆ ಪಾಠ ಹೇಳುವುದರಲ್ಲಿಯೂ ತೊಡಗಿದರು. ಡೇನರು ಯಾವ ವರ್ಷ ನಿಕೋಬಾರನ್ನು ಮಾರಿದರೆಂಬುದು ತಿಳಿದಿದ್ದರೆ ಹಣ ಬರಬಹುದು. ಬಂದ ಹಣವನ್ನು ಇಟ್ಟುಕೊಳ್ಳುವ ಬಗೆ ಬೇರೆಯೇ ಒಂದು ವಿದ್ಯೆ. ಅದನ್ನು ಯಾವ ರಸಪ್ರಶ್ನೆಯೂ ಕೇಳುವುದಿಲ್ಲ.

ಉತ್ತರಗಳಿಗೂ ಆಯುಸ್ಸಿದೆಯೆಂಬುದನ್ನು ಮನೆಯಲ್ಲಿ ಹಿರಿಯರು ಮುಖ್ಯವಾಗಿ ನೆನಪಿಡಬೇಕು. ಗ್ರಹಗಳು ಒಂಬತ್ತೆಂದು ನಾವು ಕಲಿತೆವು. 2006ರಲ್ಲಿ ಖಗೋಳಶಾಸ್ತ್ರಜ್ಞರು ಪ್ಲೂಟೋವನ್ನು ಆ ಪಂಕ್ತಿಯಿಂದ ಎಬ್ಬಿಸಿದರು. ಭಾರತದ ರಾಜ್ಯಗಳು 2014ರಲ್ಲಿ 29 ಆದುವು. 2019ರಲ್ಲಿ ಜಮ್ಮು ಕಾಶ್ಮೀರವು ಕೇಂದ್ರಾಡಳಿತ ಪ್ರದೇಶಗಳಾಗಿ ಒಡೆದಮೇಲೆ 28. ವಿಜಯನಗರವು 2021ರಲ್ಲಿ ಬೇರೆಯಾದುದರಿಂದ ಕರ್ನಾಟಕದ ಜಿಲ್ಲೆಗಳು 31. ಕನ್ನಡದ ಅತಿ ಪ್ರಾಚೀನ ಶಾಸನ ಹಲ್ಮಿಡಿಯದೆಂದು ಹೇಳಿದರೆ ಒಂದು ಕಾಲದಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ತಾಳಗುಂದದ ಸಿಂಹಕಟಾಂಜನ ಶಾಸನವು ಅದಕ್ಕಿಂತ ಹಳೆಯದೆಂಬ ವಾದ ಈಗ ಎದ್ದಿದೆ. ಕವಿರಾಜಮಾರ್ಗದ ಕರ್ತೃವನ್ನು ನೃಪತುಂಗನೆಂದು ಹೇಳುತ್ತಿದ್ದೆವು. ಅವನ ಆಸ್ಥಾನದ ಶ್ರೀವಿಜಯನೆಂದು ಈಗ ವಿದ್ವಾಂಸರು ಬಹುಮಟ್ಟಿಗೆ ಒಪ್ಪುವರು. ಆದಕಾರಣ ಮಗನು ನಮ್ಮ ಉತ್ತರವನ್ನು ತಪ್ಪೆಂದರೆ ಕೂಡಲೇ ಗದರಿಸಬಾರದು. ಅವನ ಪುಸ್ತಕ ಹೊಸದಿರಬಹುದು.

ಮನೆಯಲ್ಲಿ ಆಡಿ ನೋಡಲು ಕೆಲವು ಪ್ರಶ್ನೆಗಳನ್ನು ಇಲ್ಲಿ ಕೊಡುತ್ತೇವೆ. ಯೂರೋಪಿನ 'ನೂರು ವರ್ಷಗಳ ಯುದ್ಧ' ಎಷ್ಟು ವರ್ಷ ನಡೆಯಿತು? 'ಪನಾಮಾ' ಟೋಪಿ ಮೂಲತಃ ಯಾವ ದೇಶದ್ದು? ರಷ್ಯದ 'ಅಕ್ಟೋಬರ್ ಕ್ರಾಂತಿ'ಯು ಇಂದಿನ ಪಂಚಾಂಗದ ಪ್ರಕಾರ ಯಾವ ತಿಂಗಳಿನಲ್ಲಿ ನಡೆಯಿತು? ಕೆನರಿ ದ್ವೀಪಗಳಿಗೆ ಆ ಹೆಸರು ಯಾವ ಪ್ರಾಣಿಯಿಂದ ಬಂದಿತು? ಭೂಮಿಯ ಕೇಂದ್ರದಿಂದ ಅತ್ಯಂತ ದೂರದಲ್ಲಿರುವ ಗಿರಿಶಿಖರ ಯಾವುದು?

ಉತ್ತರಗಳು: ಯುದ್ಧವು 1337ರಿಂದ 1453ರವರೆಗೆ, 116 ವರ್ಷ. ಟೋಪಿಯು ಈಕ್ವಡಾರ್ ದೇಶದ್ದು. ಕ್ರಾಂತಿಯು 1917ರ ನವೆಂಬರಿನಲ್ಲಿ. ಆಗ ರಷ್ಯದಲ್ಲಿ ಹಳೆಯ ಪಂಚಾಂಗ ನಡೆಯುತ್ತಿತ್ತು. ದ್ವೀಪಗಳ ಹೆಸರು ಲ್ಯಾಟಿನಿನಲ್ಲಿ ನಾಯಿಯೆಂಬ ಅರ್ಥವುಳ್ಳ ಪದದಿಂದ ಬಂದುದೆಂದು ಹೇಳುವರು. ಹಕ್ಕಿಗೆ ದ್ವೀಪದಿಂದ ಹೆಸರು ಬಂದಿತು. ಕಡೆಯದಕ್ಕೆ ಎವರೆಸ್ಟ್ ಎನ್ನಬಾರದು. ಭೂಮಿಯು ನಡುವಿನಲ್ಲಿ ಉಬ್ಬಿರುವುದರಿಂದ, ಸಮಭಾಜಕ ವೃತ್ತದ ಹತ್ತಿರವಿರುವ ಈಕ್ವಡಾರಿನ ಚಿಂಬೊರಾಜೊ ಶಿಖರವು ಸಮುದ್ರಮಟ್ಟದಿಂದ ಎವರೆಸ್ಟಿಗಿಂತ ಬಹಳ ಕುಳ್ಳಗಿದ್ದರೂ ಕೇಂದ್ರದಿಂದ ಹೆಚ್ಚು ದೂರದಲ್ಲಿದೆ.

ಈ ಐದರಲ್ಲಿ ನಾಲ್ಕಕ್ಕೆ ಹೆಸರೇ ದಾರಿ ತಪ್ಪಿಸುತ್ತದೆ. ಐದನೆಯದಕ್ಕೆ ನಾವು ಕಲಿತ ಪಾಠವೇ ತಪ್ಪಿಸುತ್ತದೆ. ಮಕ್ಕಳು ತಪ್ಪು ಹೇಳಿದಾಗ ಅಂಕ ಕಳೆಯುವುದಕ್ಕಿಂತ, ಏಕೆ ಹಾಗೆ ತೋರಿತೆಂದು ಅವರ ಬಾಯಿಂದಲೇ ಹೇಳಿಸುವುದು ಮೇಲು. ಚಿಂಬೊರಾಜೊ ಎಂಬ ಹೆಸರು ನಾಳೆ ಮರೆತುಹೋದೀತು. ಭೂಮಿಯು ಪೂರ್ತಿ ಗುಂಡಗಿಲ್ಲವೆಂಬುದು ಒಂದು ಸಲ ಮನಸ್ಸಿಗೆ ಹತ್ತಿದರೆ ಮರೆಯಲಾರದು. 'ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ' ಎಂದು ತಂದೆತಾಯಿಗಳು ಮಕ್ಕಳ ಎದುರಿಗೆ ನಾಚಿಕೆಯಿಲ್ಲದೆ ಹೇಳಿ, ಹೇಳಿದಂತೆ ಪುಸ್ತಕ ತೆಗೆದು ನೋಡುವ ಮನೆಯಲ್ಲಿ ಬೆಳೆದ ಹುಡುಗನಿಗೆ, ಮುಂದೆ ಎಂಥ ಕುರ್ಚಿಯ ಮೇಲೆ ಕುಳಿತರೂ ತಿಳಿಯದುದನ್ನು ತಿಳಿಯದೆನ್ನುವ ಧೈರ್ಯವಿರುತ್ತದೆ. ಗೆದ್ದವನಿಗೆ ಬಹುಮಾನ ಕೊಡಬೇಕೆಂದು ಮನೆಯವರಿಗೆ ತೋರಿದರೆ, 'ಥಟ್ ಅಂತ ಹೇಳಿ'ಯ ಪದ್ಧತಿಯನ್ನು ಅನುಸರಿಸಿ ಒಂದು ಒಳ್ಳೆಯ ಪುಸ್ತಕವನ್ನು ಕೊಡಲಿ. ಮುಂದಿನ ತಿಂಗಳ ಪ್ರಶ್ನೆಗಳನ್ನು ಅವನು ಅದರಿಂದಲೇ ತೆಗೆದು ನಮ್ಮನ್ನು ಕೇಳಲಿ.